ಹುಸಿ ರೋಗಿ ಓಪಲ್

ಕಾಯಿಲೆ ಬೀಳುವುದರಲ್ಲಿ ಓಪಲ್ ಸ್ಟಿಲ್ಟ್ನರ್‌ಳನ್ನು ಮೀರಿಸುವವರು ವೆಸ್ಟ್ ವರ್ಜೀನಿಯಾದ ಆ ಗುಡ್ಡಗಳ ಸಾಲಿನಲ್ಲಿ ಯಾರೂ ಇರಲಿಲ್ಲ. ಹಾಗೆಂದು ಅವಳ ಮೈಯಲ್ಲಿ ರೋಗವೇನೂ ಇರಲಿಲ್ಲ. ಅರ್ಧ ಆಯುಷ್ಯವನ್ನು ಹೈಸ್ಕೂಲಿನ ಅಡುಗೆಮನೆಯಲ್ಲಿ ದೊಡ್ಡ ದೊಡ್ಡ ಪಾತ್ರೆ ಎತ್ತಿ ಇಳಿಸಿ ಕಳೆದ ಗಟ್ಟಿ ಹೆಂಗಸು. ಗಂಡ ಲಾನಿ ಕಲ್ಲಿದ್ದಲ ಗಣಿಯ ಧೂಳು ಕುಡಿದು ಕುಡಿದು, ಕೊನೆಗೆ ಉಸಿರೆಳೆಯಲಾಗದೆ ಸತ್ತ. ಆಮೇಲೆ ಜಗಲಿಯಲ್ಲಿ ಒಬ್ಬಳೇ ಕೂತು ರಸ್ತೆ ನೋಡುವುದಕ್ಕೆ ಬೇಸತ್ತು, ಪಟ್ಟಣದ ಮೆಡಿಕಲ್ ಕಾಲೇಜಿನವರು ಕರೆದ ಒಂದು ವಿಚಿತ್ರ ಕೆಲಸಕ್ಕೆ ಸೇರಿಕೊಂಡಳು. ಡಾಕ್ಟರಾಗಲು ಕಲಿಯುತ್ತಿರುವವರ ಮುಂದೆ ರೋಗಿಯ ಹಾಗೆ ನಟಿಸುವ ಕೆಲಸ ಅದು. ಒಂದು ದಿನ ಎದೆನೋವು, ಮರುದಿನ ಪಿತ್ತಕೋಶದ ಕಲ್ಲು, ಇನ್ನೊಂದು ದಿನ ಮಗಳನ್ನು ಕಳೆದುಕೊಂಡ ತಾಯಿ. ಸರಿಯಾಗಿ ಕೇಳಿದವರಿಗೆ ಸರಿಯಾದ ಉತ್ತರ, ಕೇಳದವರಿಗೆ ಮೌನ. ಯಾರು ಹೇಗೆ ನಡೆದುಕೊಂಡರು ಎಂದು ಆಮೇಲೆ ಮೇಷ್ಟ್ರುಗಳಿಗೆ ಹೇಳಬೇಕು.

"ಲಾನಿ ಇದ್ದಾಗ ತಲೆನೋವು ಅಂತ ಒಂದು ದಿನ ಮಲಗಿದ್ದಿಲ್ಲ ನೀನು" ಎಂದು ಚರ್ಚಿನ ಗೆಳತಿಯರು ಚುಡಾಯಿಸುತ್ತಿದ್ದರು. "ಈಗ ನೋಡಿದ್ರೆ ವಾರಕ್ಕೊಂದು ಕಾಯಿಲೆ."

"ಸಂಬಳ ಕೊಟ್ರೆ ನಿಮಗೂ ಬರುತ್ತೆ ಕಣ್ರೇ" ಎನ್ನುತ್ತಿದ್ದಳು ಓಪಲ್.

ನೋವಿನ ಮಾತ್ರೆಗಳು ಆ ಊರುಗಳನ್ನು ಮನೆಮನೆಯಾಗಿ ನುಂಗುತ್ತಿದ್ದ ವರ್ಷಗಳು ಅವು. ಅಫೀಮಿನ ಜಾತಿಯ ಮಾತ್ರೆ. ಗಣಿಯಲ್ಲಿ ಬೆನ್ನು ಜಜ್ಜಿಹೋದವನಿಗೂ ಅದನ್ನೇ ಬರೆಯುತ್ತಿದ್ದರು, ಹಲ್ಲು ಕೀಳಿಸಿಕೊಂಡ ಹುಡುಗಿಗೂ ಅದನ್ನೇ. ಚರ್ಚಿನ ಹಿಂದಿನ ಸ್ಮಶಾನದಲ್ಲಿ ಹೊಸದಾಗಿ ಎದ್ದ ಕಲ್ಲುಗಳ ಮೇಲೆ ಓಪಲ್ ಬಡಿಸಿದ ಊಟ ತಿಂದು ಬೆಳೆದ ಮಕ್ಕಳ ಹೆಸರುಗಳಿದ್ದವು. ಒಬ್ಬೊಬ್ಬರಿಗೂ ಏನು ಇಷ್ಟವಾಗುತ್ತಿತ್ತು, ಯಾರು ಎರಡನೇ ಸಲ ತಟ್ಟೆ ಹಿಡಿದು ಬರುತ್ತಿದ್ದರು ಎಂಬುದು ಅವಳಿಗೆ ನೆನಪಿತ್ತು.

ಕೊನೆಗೆ ಸರ್ಕಾರ ಎಚ್ಚೆತ್ತುಕೊಂಡಿತು. ಡಾಕ್ಟರುಗಳೆಲ್ಲ ಈ ಮಾತ್ರೆಗಳನ್ನು ಜೋಪಾನವಾಗಿ ಬರೆಯುವುದು ಹೇಗೆಂದು ಹೊಸದಾಗಿ ಪಾಠ ಹೇಳಿಸಿಕೊಳ್ಳಬೇಕು ಎಂದಾಯಿತು. ಆ ಪಾಠದಿಂದ ನಿಜಕ್ಕೂ ಏನಾದರೂ ಪ್ರಯೋಜನವಾಗುತ್ತಿದೆಯೇ ಎಂದು ನೋಡುವ ಹೊಣೆ ಕಾಲೇಜಿನ ಮಿರಿಯಮ್ ಆಬ್ರಿ ಎಂಬ ಡಾಕ್ಟರ ಮೇಲೆ ಬಿತ್ತು. ಮಿರಿಯಮ್ ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಹೆಂಗಸು. ಒಂದು ದಿನ ಓಪಲ್‌ಳನ್ನು ಕರೆದು ಕಾಫಿ ಕೊಟ್ಟು ಕೂರಿಸಿದಳು.

"ಪಾಠ ಮುಗಿದ ತಕ್ಷಣ ಪರೀಕ್ಷೆ ಕೊಟ್ರೆ ಎಲ್ಲರೂ ಪಾಸಾಗ್ತಾರೆ ಓಪಲ್. ಅದರಿಂದ ನನಗೇನೂ ಗೊತ್ತಾಗಲ್ಲ. ಊರಿಗೆ ಹೋಗಿ, ಹೊರಗಡೆ ಜನ ತುಂಬಿರುವಾಗ, ತಮ್ಮ ರೂಮಲ್ಲಿ ಕೂತು ಏನು ಮಾಡ್ತಾರೆ ಅಂತ ನೋಡ್ಬೇಕು."

"ಅಂದ್ರೆ ನಾನು ಹೋಗಿ ಸುಳ್ಳು ಹೇಳ್ಬೇಕು."

"ಹೂಂ. ಅವರಿಗೂ ಗೊತ್ತಿರುತ್ತೆ. ಹುಸಿ ರೋಗಿ ಯಾವತ್ತೋ ಒಂದು ದಿನ ಬರಬಹುದು ಅಂತ ಒಪ್ಪಿ ಸಹಿ ಹಾಕಿದ್ದಾರೆ. ಯಾರು, ಯಾವಾಗ ಅಂತ ಮಾತ್ರ ಗೊತ್ತಿರಲ್ಲ. ಪಾಠಕ್ಕೆ ಮುಂಚೆ ಒಂದು ಸಲ, ಪಾಠ ಆದ ಮೇಲೆ ಇನ್ನೊಂದು ಸಲ."

"ನನ್ನ ಜನರ ಮುಂದೆ ಬೇರೆ ಹೆಸರು ಹೇಳಿಕೊಂಡು ಕೂರೋದು ನನ್ನಿಂದ ಆಗಲ್ಲ ಡಾಕ್ಟ್ರಮ್ಮ."

"ನಿಮ್ಮ ಕೌಂಟಿಗೆ ಕಳಿಸಲ್ಲ. ಗುಡ್ಡದ ಆಚೆ ಕಡೆ ಹೋಗಿ. ಅಲ್ಲಿ ನಿಮ್ಮನ್ನ ಯಾರು ಗುರುತು ಹಿಡೀತಾರೆ?"

ಓಪಲ್ ಒಪ್ಪಿಕೊಂಡಳು. ಸ್ಮಶಾನದ ಹೊಸ ಕಲ್ಲುಗಳು ಕಣ್ಣಮುಂದೆ ಇದ್ದುದರಿಂದ ಒಪ್ಪಿಕೊಂಡಳು.

ಪಿಜನ್ ಫೋರ್ಕ್ ಎಂಬ ಊರಿನ ಡಾಕ್ಟರ್ ಲೈಮನ್ ಹಾರ್ಲೆಸ್ ಅವಳ ಪಾಲಿಗೆ ಬಂದ. ಹಳೆಯ ಹಾರ್ಡ್‌ವೇರ್ ಅಂಗಡಿಯನ್ನೇ ಕ್ಲಿನಿಕ್ ಮಾಡಿಕೊಂಡಿದ್ದ ಮುದುಕ. ಸುತ್ತಮುತ್ತಲಿನ ಕಣಿವೆಗಳಿಗೆಲ್ಲ ಅವನೊಬ್ಬನೇ. ಮೊದಲ ಸಲ ಹೋದಾಗ ಓಪಲ್ ಬಗ್ಗಲಾರದ ಸೊಂಟ ಹಿಡಿದುಕೊಂಡು, ಜೋಯ್ಸ್ ಪ್ರೂಯಿಟ್ ಎಂಬ ಹೆಸರು ಹೇಳಿ ಕೂತಳು. ಅವನು ಕಣ್ಣೆತ್ತಿ ನೋಡಿದ್ದೇ ಕಮ್ಮಿ. "ನೋವು ಎಷ್ಟು ದಿನದಿಂದಮ್ಮ?" ಎಂದ. ಅವಳು ಬಾಯಿ ತೆರೆಯುವಷ್ಟರಲ್ಲಿ ಪೆನ್ನು ಕಾಗದದ ಮೇಲೆ ಓಡುತ್ತಿತ್ತು. ಬೆನ್ನು ಮುಟ್ಟಲಿಲ್ಲ. ಕುಡಿಯುತ್ತೀಯಾ, ನಿದ್ದೆ ಮಾತ್ರೆ ತಗೊಳ್ಳುತ್ತೀಯಾ, ಮನೆಯಲ್ಲಿ ಬೇರೆ ಯಾರಿದ್ದಾರೆ, ಒಂದನ್ನೂ ಕೇಳಲಿಲ್ಲ. ಆದರೆ ಅವಳು ಎದ್ದಾಗ ತಾನೂ ಎದ್ದು ಬಂದು ಬಾಗಿಲು ಹಿಡಿದ. "ಮೆಟ್ಟಿಲು ಜೋಪಾನ" ಎಂದ. ಒಳ್ಳೆಯ ಮನುಷ್ಯ, ಸೋತುಹೋದ ಮನುಷ್ಯ ಎಂದು ಓಪಲ್‌ಗೆ ಅನ್ನಿಸಿತು. ಅವನು ಬರೆದುಕೊಟ್ಟ ಮಾತ್ರೆಯ ಚೀಟಿಯನ್ನು ಔಷಧಿ ಅಂಗಡಿಗೆ ಕೊಡದೆ ನೇರ ತಂದು ಮಿರಿಯಮ್‌ಗೆ ಒಪ್ಪಿಸಿದಳು.

ಡಾಕ್ಟರುಗಳ ಪಾಠ ಚಳಿಗಾಲದಲ್ಲಿ ನಡೆಯಿತು. ಎರಡನೇ ಸುತ್ತಿಗೆ ಹಾರ್ಲೆಸ್‌ನ ಬಳಿ ಬೇರೊಬ್ಬಳು ಹೋಗಬೇಕಿತ್ತು. ಅವಳು ಮಂಜಿನ ಮೇಲೆ ಜಾರಿ ಬಿದ್ದು ನಿಜವಾಗಿಯೇ ಕಾಲು ಮುರಿದುಕೊಂಡಳು. ಹಾಗಾಗಿ ಓಪಲ್ ಕೂದಲಿಗೆ ಬಣ್ಣ ಹಚ್ಚಿ, ಕನ್ನಡಕ ಹಾಕಿ, ಬಿದ್ದು ಸೊಂಟ ಉಳುಕಿಸಿಕೊಂಡ ಹೊಸ ಕತೆ ಕಲಿತು ಮತ್ತೆ ಗುಡ್ಡ ದಾಟಿದಳು. ಹೊಸ ಹೆಸರಿಗೆ ಕಾಗದಪತ್ರ ಮಾಡಿಸಲು ಸಮಯವಿರಲಿಲ್ಲವಾದ್ದರಿಂದ ಹೆಸರು ಮಾತ್ರ ಅದೇ ಇತ್ತು. ಅಷ್ಟು ಜನರ ನಡುವೆ ಒಂದು ಹೆಸರು ಅವನಿಗೆ ನೆನಪಿರುವುದಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು, ಅದು ನಿಜವೂ ಆಗಿತ್ತು.

ಕ್ಲಿನಿಕ್ಕಿನ ಹೊರಕೋಣೆಯಲ್ಲಿ ಅವಳು ಕೂತಿದ್ದಾಗ ಡಾಕ್ಟರ ರೂಮಿನ ಬಾಗಿಲು ತೆರೆದು ಒಬ್ಬ ಎತ್ತರದ ಮನುಷ್ಯ ಹೊರಬಂದ. ಎರಡು ಕೈಯಲ್ಲೂ ಊರುಗೋಲು. ಓಪಲ್ ಅವನನ್ನು ಕಂಡ ಕೂಡಲೇ ಗುರುತಿಸಿದಳು. ಅವನು ಆರ್ವಿಲ್ ರಾಟ್ಲಿಫ್. ಲಾನಿಯ ಜೊತೆ ಗಣಿಗಿಳಿಯುತ್ತಿದ್ದವನು. ಒಮ್ಮೆ ಸುರಂಗದ ಚಾವಣಿ ಕುಸಿದಾಗ, ಮಿಕ್ಕವರು ಓಡಿ ಹೋದರೂ, ಬರಿಗೈಯಲ್ಲಿ ಕಲ್ಲು ಸರಿಸಿ ಲಾನಿಯನ್ನು ಎಳೆದು ತಂದವನು. ಕೆಲವು ವರ್ಷಗಳ ನಂತರ ಅಂಥದೇ ಇನ್ನೊಂದು ಕುಸಿತದಲ್ಲಿ ಅವನ ಬೆನ್ನೇ ಜಜ್ಜಿಹೋಯಿತು. ಮಗಳ ಮನೆಗೆ ಹೋದ ಎಂದಷ್ಟೇ ಓಪಲ್‌ಗೆ ಗೊತ್ತಿತ್ತು. ಆ ಮಗಳ ಮನೆ ಪಿಜನ್ ಫೋರ್ಕ್‌ನಲ್ಲಿದೆ ಎಂದು ಗೊತ್ತಿರಲಿಲ್ಲ.

ಅವನು ನೇರ ಅವಳೆಡೆಗೇ ಬಂದ. ಕಣ್ಣು ಕೆಂಪಗಾಗಿತ್ತು.

"ಓಪಲ್? ನೀನೇನೇ ಇಲ್ಲಿ? ಅಯ್ಯೋ, ದೇವರು ಕಳಿಸಿದ ಹಾಗೆ ಬಂದಿದ್ದೀಯ ನೋಡು." ಪಕ್ಕದ ಕುರ್ಚಿ ಹಿಡಿದು ಬಾಗಿದ. "ಮುದುಕ ನನ್ನ ಮಾತ್ರೆ ನಿಲ್ಲಿಸಿಬಿಟ್ಟ ಕಣೇ. ಕಮ್ಮಿ ಮಾಡೋದಲ್ಲ, ಇವತ್ತಿಂದ ಒಂದೂ ಇಲ್ಲ ಅಂತಾನೆ. ಇಷ್ಟು ವರ್ಷ ಅವನೇ ಕೊಟ್ಟಿದ್ದು. ನಾನೇನು ಮಾರ್ಕೊಂಡೆನಾ? ಯಾರಿಗಾದ್ರೂ ಒಂದು ಕೊಟ್ಟೆನಾ? ನೀನೊಂದು ಮಾತು ಹೇಳು ಅವನಿಗೆ, ನಾನು ಎಂಥವನು ಅಂತ."

ಓಪಲ್ ಬಾಯಿ ತೆರೆದಳು. ಅದೇ ಹೊತ್ತಿಗೆ ನರ್ಸ್ ಬಾಗಿಲಲ್ಲಿ ನಿಂತು ಕರೆದಳು. "ಜೋಯ್ಸ್ ಪ್ರೂಯಿಟ್."

ಕೋಣೆಯಲ್ಲಿ ಬೇರೆ ಹೆಂಗಸರಿರಲಿಲ್ಲ. ನರ್ಸ್ ಓಪಲ್‌ಳನ್ನೇ ನೋಡುತ್ತಿದ್ದಳು. ಆರ್ವಿಲ್ ನರ್ಸಿನ ಕಡೆ ತಿರುಗಿ, ಮತ್ತೆ ಇವಳ ಕಡೆ ತಿರುಗಿದ.

"ಯಾವ ಜೋಯ್ಸು?" ಎಂದ.

"ನೀವು ಯಾರನ್ನೋ ಅಂದ್ಕೊಂಡಿದ್ದೀರಿ" ಎಂದಳು ಓಪಲ್. ವರ್ಷಗಟ್ಟಲೆ ಪಳಗಿದ ಗಂಟಲು, ಒಂದಿಷ್ಟೂ ನಡುಗಲಿಲ್ಲ. ಸೊಂಟ ಹಿಡಿದುಕೊಂಡು ಎದ್ದಳು.

ಆರ್ವಿಲ್ ಅವಳ ಮುಖವನ್ನೇ ದಿಟ್ಟಿಸಿದ. ಆಮೇಲೆ ಅವನ ಭುಜ ಇಳಿಯಿತು. ಟೋಪಿಗೆ ಕೈ ಹಾಕಿ ತಲೆ ಬಗ್ಗಿಸಿದ. "ತಪ್ಪು ತಿಳ್ಕೋಬೇಡಿ ಅಮ್ಮ. ನನ್ನ ಗೆಳೆಯನ ಹೆಂಡತಿ ಥರಾನೇ ಕಂಡ್ರಿ. ಈಚೆಗೆ ತಲೆ ಸರಿಯಾಗಿ ಓಡಲ್ಲ" ಎಂದು ಹೇಳಿ ಊರುಗೋಲು ಊರುತ್ತ ಬಾಗಿಲ ಕಡೆ ಹೋದ.

ಒಳಗೆ ಹಾರ್ಲೆಸ್ ಬೇರೆಯೇ ಮನುಷ್ಯನಾಗಿದ್ದ. ಕುರ್ಚಿ ಎಳೆದುಕೊಂಡು ಎದುರು ಕೂತ. ಎಲ್ಲಿ ಬಿದ್ದೆ, ಹೇಗೆ ಬಿದ್ದೆ, ನೋವು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ. ಬೆನ್ನು ಒತ್ತಿ ನೋಡಿದ, ಕಾಲು ಎತ್ತಿಸಿದ. ಮನೆಯಲ್ಲಿ ಯಾರಿಗಾದರೂ ಕುಡಿತದ ಚಟವಿದೆಯೇ ಎಂದು ಸಂಕೋಚಪಡುತ್ತಲೇ ಕೇಳಿದ. ಯಾರು ಎಲ್ಲೆಲ್ಲಿ ಇಂಥ ಮಾತ್ರೆ ತೆಗೆದುಕೊಂಡಿದ್ದಾರೆ ಎಂಬ ಸರ್ಕಾರದ ದಾಖಲೆಯನ್ನು ಕಂಪ್ಯೂಟರಿನಲ್ಲಿ ತೆರೆದ. ಜೋಯ್ಸ್ ಪ್ರೂಯಿಟ್‌ಳ ಹೆಸರಿನಲ್ಲಿ ಏನೂ ಇರಲಿಲ್ಲ. ಬಿಸಿನೀರಿನ ಶಾಖ, ಸಾಮಾನ್ಯ ನೋವಿನ ಗುಳಿಗೆ, ವ್ಯಾಯಾಮ ಹೇಳಿಕೊಟ್ಟು, ವಾಸಿಯಾಗದಿದ್ದರೆ ಎರಡು ವಾರ ಬಿಟ್ಟು ಬಾ ಎಂದ. ಪಾಠದಲ್ಲಿ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದ. ಅವಳ ಕಿವಿಯಲ್ಲಿ ಮಾತ್ರ ಆ ಊರುಗೋಲಿನ ಸದ್ದೇ ತುಂಬಿತ್ತು.

ಹೊರಗೆ ಬಂದು ರಸ್ತೆಯ ಎರಡೂ ಕಡೆ ನೋಡಿದಳು. ಆರ್ವಿಲ್ ಇರಲಿಲ್ಲ. ಕಾರಿನಲ್ಲಿ ಕೂತು ತಾನು ಕಂಡದ್ದನ್ನು ಬರೆದಳು. ಕಾಲೇಜು ಕೊಟ್ಟ ಪಟ್ಟಿಯ ಪ್ರಶ್ನೆಗಳಿಗೆಲ್ಲ 'ಹೌದು' ಎಂದೇ ಗುರುತು ಹಾಕಬೇಕಾಯಿತು. ಡಾಕ್ಟರ್ ಹಾರ್ಲೆಸ್‌ಗೆ ನೂರಕ್ಕೆ ನೂರು ಬಂತು.

ಅದೇ ಸಂಜೆ ಮಿರಿಯಮ್‌ಗೆ ಫೋನ್ ಮಾಡಿದಳು. "ನನ್ನ ಗುರುತಿನವನು ಸಿಕ್ಕಿದ್ದ. ನೀವು ಯಾರೋ ಅಂತ ಅಂದ್ಬಿಟ್ಟೆ. ನಾಳೇನೇ ಹೋಗಿ ನಿಜ ಹೇಳ್ಬೇಕು."

"ಈಗ ಬೇಡ ಓಪಲ್. ಅಂಥ ಊರಲ್ಲಿ ಒಬ್ಬನಿಗೆ ಹೇಳಿದ್ರೆ ಡಾಕ್ಟರ ಕಿವಿಗೂ ಬೀಳುತ್ತೆ. ಇನ್ನೂ ಬೇರೆ ಡಾಕ್ಟರುಗಳ ಹತ್ರ ಹೋಗೋದಿದೆ. ಈ ಸುತ್ತು ಮುಗೀಲಿ, ನಾನೇ ಬರ್ತೀನಿ ನಿಮ್ಮ ಜೊತೆ."

"ಅವನ ಮಾತ್ರೆ ಪೂರ್ತಿ ನಿಲ್ಲಿಸಿದ್ದಾರೆ ಡಾಕ್ಟ್ರಮ್ಮ. ಒಂದೇ ಏಟಿಗೆ."

"ಹಾಗೆ ಮಾಡಬಾರದು ಅಂತಾನೂ ಪಾಠದಲ್ಲಿ ಹೇಳಿದ್ರು" ಎಂದಳು ಮಿರಿಯಮ್. "ನಿಧಾನಕ್ಕೆ ಇಳಿಸಬೇಕು, ತಿಂಗಳುಗಟ್ಟಲೆ. ನಾನು ವಿಚಾರಿಸ್ತೀನಿ."

ಮಿರಿಯಮ್ ಪಾಠ ನಡೆಸಿದವರಿಗೆ ಹೇಳಿದಳು. ಅವರು ಎಲ್ಲ ಡಾಕ್ಟರುಗಳಿಗೂ ಸೇರಿಸಿ ಒಂದು ಸಾಮಾನ್ಯ ಸೂಚನೆ ಕಳಿಸಿದರು. ಹಾರ್ಲೆಸ್ ಅದನ್ನು ಓದಿದನೋ ಇಲ್ಲವೋ ಯಾರಿಗೂ ತಿಳಿಯದು. ಓಪಲ್ ಕಾದಳು. ದಿನಾ ಬೆಳಿಗ್ಗೆ ಇವತ್ತು ಹೋಗಿಬಿಡೋಣ ಎಂದುಕೊಳ್ಳುವಳು. ಈಗ ಬೇಡ ಎಂದ ಮಿರಿಯಮ್‌ಳ ಮಾತು ನೆನಪಾಗಿ ಸುಮ್ಮನಾಗುವಳು. ಮೊದಲ ಹೂ ಬಿಡುವ ಹೊತ್ತಿಗೆ ಚರ್ಚಿನಲ್ಲಿ ಸುದ್ದಿ ಬಂತು. ಆರ್ವಿಲ್ ಹೊಳೆಯ ದಡದಲ್ಲಿ ತನ್ನ ಟ್ರಕ್ಕಿನೊಳಗೆ ಸತ್ತು ಬಿದ್ದಿದ್ದನಂತೆ. ಯಾರಿಂದಲೋ ಅಮಲಿನ ಪುಡಿ ಕೊಂಡಿದ್ದ. ಅದರಲ್ಲಿ ಏನು ಬೆರೆತಿತ್ತೆಂಬುದು ಮಾರಿದವನಿಗೇ ಗೊತ್ತಿದ್ದಂತಿರಲಿಲ್ಲ. ಮಟಮಟ ಮಧ್ಯಾಹ್ನ ಮೀನು ಹಿಡಿಯಲು ಹೋದವರು ಕಂಡು ಮಗಳಿಗೆ ಹೇಳಿದರು.

ಸಾವಿನ ಮನೆಗೆ ಓಪಲ್ ಜೋಳದ ಬ್ರೆಡ್ಡು, ಹಂದಿಮಾಂಸ ಹಾಕಿ ಬೇಯಿಸಿದ ಕಾಳು ಕಟ್ಟಿಕೊಂಡು ಹೋದಳು. ಆರ್ವಿಲ್‌ನ ಮಗಳು ಟ್ರೆಸ್ಸಾ ಅಡುಗೆಮನೆಯಲ್ಲಿ ಬಂದವರ ಪಾತ್ರೆಗಳನ್ನೆಲ್ಲ ಜೋಡಿಸುತ್ತಿದ್ದಳು. ಚಿಕ್ಕಂದಿನಿಂದ ಕಂಡ ಹುಡುಗಿ. ಅಪ್ಪಿಕೊಂಡು ಅತ್ತಳು.

"ಮಾತ್ರೆ ನಿಂತ ಮೇಲೆ ವಾಂತಿ, ಬೆವರು, ಕಾಲು ಒದ್ಕೊಳ್ಳೋದು, ಹೇಳೋಕಾಗಲ್ಲ ಓಪಲ್ ಆಂಟಿ. ಬಾತ್‌ರೂಮಿನ ನೆಲದ ಮೇಲೇ ಮಲಗ್ತಿದ್ದ. ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ಚಟದವನು ಅಂತ ವಾಪಸ್ ಕಳಿಸಿದ್ರು." ಕಣ್ಣೊರೆಸಿಕೊಂಡು ಅರೆನಗು ನಕ್ಕಳು. "ನಿಮ್ಮ ವಿಷಯಾನೇ ಮಾತಾಡಿದ್ದ ಗೊತ್ತಾ? ಯಾರನ್ನೋ ನೋಡಿ ನೀವು ಅಂದ್ಕೊಂಡು ಮಾತಾಡಿಸಿದನಂತೆ. ಆ ಹೆಂಗಸು ಹೆದರಿಬಿಟ್ಟಳಂತೆ. ನನ್ನ ನೋಡಿದ್ರೆ ಈಗ ಹೆಂಗಸರು ಹೆದರ್ತಾರೆ ಕಣೇ ಅಂತ ಎರಡು ದಿನ ಕನ್ನಡಿ ಮುಂದೆ ನಿಂತಿದ್ದ."

ಆಗ ಸುಮ್ಮನಿದ್ದು ಬರಬಹುದಿತ್ತು. ಓಪಲ್‌ಗೆ ಆಗಲಿಲ್ಲ. "ಅದು ನಾನೇ ಟ್ರೆಸ್ಸಾ" ಎಂದಳು. ನಿಂತಲ್ಲೇ ಎಲ್ಲವನ್ನೂ ಹೇಳಿದಳು.

ಟ್ರೆಸ್ಸಾ ಕೈಯಲ್ಲಿದ್ದ ಪಾತ್ರೆಯನ್ನು ಮೆಲ್ಲಗೆ ಕೆಳಗಿಟ್ಟಳು. "ಅಂದ್ರೆ ಅಪ್ಪಂಗೆ ತಲೆ ಸರಿಯಾಗೇ ಇತ್ತು" ಎಂದಳು. "ನೀವು ಅವನ ತಲೆ ಕೆಡಿಸಿದ್ರಿ."

"ಹೂಂ."

"ಹೋಗಿ ಇಲ್ಲಿಂದ. ತಂದಿದ್ದನ್ನೂ ತಗೊಂಡು ಹೋಗಿ."

ಓಪಲ್ ಪಾತ್ರೆ ಎತ್ತಿಕೊಂಡು ಹೊರಬಂದಳು. ಜಗಲಿಯಲ್ಲಿ ಕೂತಿದ್ದ ಗಂಡಸರು ಎದ್ದು ದಾರಿ ಬಿಟ್ಟರು. ಟ್ರೆಸ್ಸಾ ಆ ಬೇಸಿಗೆಯಲ್ಲೇ ಗಂಡ ಮಕ್ಕಳೊಂದಿಗೆ ಒಹಾಯೋಗೆ ಹೊರಟುಹೋದಳು. ಓಪಲ್‌ಗೆ ಅವಳಿಂದ ಮತ್ತೆ ಒಂದು ಮಾತೂ ಬರಲಿಲ್ಲ.

ಕಾಲೇಜಿನಲ್ಲಿ ಲೆಕ್ಕ ಹಾಕಿ ಮುಗಿದಿತ್ತು. ಪಾಠ ಕಲಿತ ಡಾಕ್ಟರುಗಳು ಹುಸಿ ರೋಗಿಗಳನ್ನು ಮೊದಲಿಗಿಂತ ಎಷ್ಟೋ ಚೆನ್ನಾಗಿ ನೋಡಿದ್ದರು. ಮಾತ್ರೆ ಬರೆಯುವುದು ಇಳಿದಿತ್ತು. ಎಲ್ಲರೂ ಖುಷಿಯಾಗಿದ್ದರು. ಓಪಲ್ ಮಿರಿಯಮ್‌ಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

"ನಮ್ಮನ್ನೆಲ್ಲ ಹೊಸ ರೋಗಿ ಅಂತಾನೇ ಕಳಿಸಿದ್ರಿ. ಹತ್ತು ವರ್ಷದಿಂದ ಮಾತ್ರೆ ತಿನ್ನೋನು ಅಂತ ಒಬ್ಬರನ್ನೂ ಕಳಿಸಲಿಲ್ಲ."

"ಮೊದಲ ಯೋಜನೆಯಲ್ಲಿ ಅದೂ ಇತ್ತು" ಎಂದಳು ಮಿರಿಯಮ್. "ಅದನ್ನ ನಟಿಸೋಕೆ ಆಗಲ್ಲ ಓಪಲ್. ಮೂತ್ರ ಪರೀಕ್ಷೆ ಮಾಡ್ತಾರೆ, ದಾಖಲೆ ತೆಗೀತಾರೆ. ಸುಳ್ಳು ಗೊತ್ತಾಗಿಬಿಡುತ್ತೆ. ಹಾಗಾದ್ರೆ ನಿಜವಾದ ಹಳೇ ರೋಗಿಗಳ ಮನೆಗೇ ಹೋಗಿ ಕೇಳೋಣ ಅಂದೆ. ಅದಕ್ಕೆ ಖರ್ಚು ಜಾಸ್ತಿ ಅಂದ್ರು. ನಾನು ಬಿಟ್ಟುಕೊಟ್ಟೆ. ಇರೋದನ್ನಾದ್ರೂ ಮಾಡೋಣ ಅಂತ."

"ಅಂದ್ರೆ ನಿಮಗೆ ಗೊತ್ತಿತ್ತು."

"ಹೀಗಾಗಬಹುದು ಅಂತ ಗೊತ್ತಿತ್ತು. ಆಯ್ತು ಅಂತ ನಿಮ್ಮ ಫೋನ್ ಬಂದಾಗ ಗೊತ್ತಾಯ್ತು." ಮಿರಿಯಮ್ ಕಿಟಕಿಯ ಕಡೆ ತಿರುಗಿದಳು. "ಕಾಯಿರಿ ಅಂದವಳು ನಾನು. ಅದನ್ನ ನೀವು ಹೊತ್ಕೋಬೇಡಿ."

ಅದೇನು ಒಬ್ಬರ ತಲೆಯಿಂದ ಇಳಿಸಿ ಇನ್ನೊಬ್ಬರ ತಲೆಗೆ ಏರಿಸುವ ಹೊರೆಯಾಗಿರಲಿಲ್ಲ. ಆ ವಾರವೇ ಓಪಲ್ ತನ್ನದೇ ಹೆಸರು ಹೇಳಿ ಹಾರ್ಲೆಸ್‌ನ ಕ್ಲಿನಿಕ್ಕಿಗೆ ಹೋದಳು. ಕನ್ನಡಕ ಹಾಕಿರಲಿಲ್ಲ. ಸೊಂಟ ನೆಟ್ಟಗಿತ್ತು. ಕಾಲೇಜು ಕಳಿಸಿದ ಹುಸಿ ರೋಗಿ ತಾನೇ ಎಂದು ಹೇಳಿದರೂ ಅವನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಓ. ನೀವಾ ಅದು" ಎಂದ. "ಚೆನ್ನಾಗಿ ಕುಂಟಿದ್ರಿ. ನಿಮ್ಮ ಬೆನ್ನನ್ನ ಎಷ್ಟು ಜೋಪಾನವಾಗಿ ಒತ್ತಿ ನೋಡಿದ್ದೆ."

"ಆರ್ವಿಲ್ ರಾಟ್ಲಿಫ್‌ನ ಬೆನ್ನು ನೋಡಿದ್ರಾ ಡಾಕ್ಟ್ರೇ?"

ಮುದುಕನ ಮುಖದ ನಗು ಆರಿಹೋಯಿತು. ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. "ರೋಗಿಗಳ ವಿಷಯ ನಾನು ಹೊರಗಿನವರ ಹತ್ರ ಮಾತಾಡಬಾರದು."

"ಮಾತಾಡಬೇಡಿ. ನಾನು ಹೇಳ್ತೀನಿ, ಕೇಳಿ. ನೀವು ಹೊರಗೆ ಕಳಿಸಿದ ಐದು ನಿಮಿಷಕ್ಕೆ ನನ್ನ ಹತ್ರ ಬಂದ. ನಾನೂ ಕಳಿಸಿದೆ."

ಹಾರ್ಲೆಸ್ ಎದ್ದು ಬಾಗಿಲು ಮುಚ್ಚಿ ಬಂದು ಕೂತ. ಹೊರಗೆ ಯಾರೋ ಕೆಮ್ಮುತ್ತಿದ್ದರು.

"ಪಕ್ಕದ ಕೌಂಟಿಯ ಡಾಕ್ಟರಿಗೆ ಕೈಕೋಳ ಹಾಕಿ ಕರ್ಕೊಂಡು ಹೋದ್ರು" ಎಂದ. "ಅವನು ಕಳ್ಳನೇ, ಮಾತ್ರೆ ಮಾರ್ತಿದ್ದ. ಆದ್ರೂ ನನಗೆ ನಡುಕ ಬಂತು. ಪಾಠದಲ್ಲಿ ದಿನಕ್ಕೆ ಇಷ್ಟು ಮಾತ್ರೆಗಿಂತ ಮೇಲೆ ಹೋದ್ರೆ ಸಾಯ್ತಾರೆ ಅಂದ್ರು. ನನ್ನ ಹಳೇ ಜನ ಎಲ್ಲ ಅದಕ್ಕಿಂತ ಮೇಲೇ ಇದ್ರು. ನಿಧಾನಕ್ಕೆ ಇಳಿಸಿ ಅಂತಾನೂ ಹೇಳಿದ್ರು, ಕೇಳಿಸ್ಕೊಂಡೆ. ನಿಧಾನಕ್ಕೆ ಇಳಿಸೋಕೆ ಒಬ್ಬೊಬ್ಬರ ಜೊತೆ ಎಷ್ಟು ಹೊತ್ತು ಕೂರಬೇಕು ಗೊತ್ತಾ? ನಾನು ಒಬ್ಬ." ತಲೆ ಎತ್ತಿದ. "ನಿಮಗೆ ಹಿಂದಿನದು ಅನ್ನೋದೇ ಇರಲಿಲ್ಲ. ಅಂಥವರಿಗೆ ಒಳ್ಳೇ ಡಾಕ್ಟರಾಗೋದು ಸುಲಭ. ಅವನ ಹಿಂದಿನದೆಲ್ಲ ನಾನು ಮಾಡಿದ್ದು. ಅವನ ಮುಖ ನೋಡೋಕೆ ಆಗ್ತಿರಲಿಲ್ಲ ನನಗೆ. ಅದಕ್ಕೇ ಬೇಗ ಕಳಿಸಿಬಿಟ್ಟೆ."

ಬೈಯಬೇಕೆಂದೇ ಬಂದಿದ್ದಳು ಓಪಲ್. ಬಾಯಿಗೆ ಬೈಗುಳ ಬರಲಿಲ್ಲ. ತಾನೂ ಆ ಮುಖ ನೋಡಲಾಗದೆ ಎದ್ದು ಹೋದವಳೇ ತಾನೆ.

"ಅವನ ಥರ ಇನ್ನೂ ಎಷ್ಟು ಜನರನ್ನ ಕಳಿಸಿದ್ದೀರಿ?" ಎಂದಳು.

"ಇದ್ದಾರೆ."

"ಹೆಸರು ನನಗೆ ಬೇಡ. ನೀವೇ ಫೋನ್ ಮಾಡಿ ಕರೀರಿ. ಇವತ್ತೇ."

"ಕರೆದು ಏನು ಹೇಳಲಿ?"

"ತಪ್ಪಾಯ್ತು ಅನ್ನಿ. ಮತ್ತೆ ಶುರು ಮಾಡಿ ನಿಧಾನಕ್ಕೆ ಇಳಿಸ್ತೀನಿ ಅನ್ನಿ. ಪಾಠದಲ್ಲಿ ಹೇಳಿದ ಹಾಗೆ."

ಅವನು ನರ್ಸನ್ನು ಕರೆದ. ಅಂದು ಮಧ್ಯಾಹ್ನದ ರೋಗಿಗಳನ್ನು ಮುಂದೂಡಿ ಅವನೇ ಕೂತು ಫೋನ್ ಮಾಡಿದ. ಓಪಲ್ ಹೊರಕೋಣೆಯಲ್ಲಿ ಕೂತಿದ್ದಳು. ಬಾಗಿಲ ಸಂದಿಯಿಂದ ಅವನ ಧ್ವನಿ ಮಾತ್ರ ಕೇಳಿಸುತ್ತಿತ್ತು. ಕೆಲವರ ಫೋನ್ ಸತ್ತುಹೋಗಿತ್ತು. ಕೆಲವರು ಬೈದು ಇಟ್ಟಿರಬೇಕು, ಏಕೆಂದರೆ ಅವನು "ಹೂಂ, ಹೂಂ, ನಿಜ" ಎನ್ನುತ್ತ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದ. ಒಂದು ಫೋನಿನಲ್ಲಿ "ಯಾವಾಗ ತೀರ್ಕೊಂಡ?" ಎಂದು ಕೇಳಿದ. ಬರುತ್ತೇವೆ ಎಂದವರೂ ಇದ್ದರು.

ಮಿರಿಯಮ್ ತನ್ನ ವರದಿಯಲ್ಲಿ ಸಾಧನೆಯ ಅಂಕಿಗಳ ಪಕ್ಕದಲ್ಲೇ ಬರೆದಳು: ಹಳೆಯ ರೋಗಿಗಳಿಗೆ ಏನಾಯಿತೆಂದು ನಾವು ಅಳೆಯಲಿಲ್ಲ, ನಮ್ಮ ಅಧ್ಯಯನ ನಡೆಯುವಾಗಲೇ ಅಂಥ ಒಬ್ಬ ಸತ್ತ, ಈ ಅಂಕಿಗಳನ್ನು ಗೆಲುವು ಎಂದು ಓದಬೇಡಿ. ಹಣ ಕೊಟ್ಟವರು ಆ ಸಾಲುಗಳನ್ನು ತೆಗೆಯಲು ಹೇಳಿದರು, ಅವಳು ತೆಗೆಯಲಿಲ್ಲ. ಪಾಠಕ್ಕೆ ಹಳೆಯ ರೋಗಿಗಳ ಬಗ್ಗೆ ಅರ್ಧ ದಿನ ಸೇರಿಸಿದರು. ಮುಂದಿನ ಅಧ್ಯಯನವನ್ನು ಬೇರೆ ಕಾಲೇಜಿಗೆ ಕೊಟ್ಟರು.

ಓಪಲ್ ನಟಿಸುವ ಕೆಲಸ ಬಿಟ್ಟಳು. ಎದುರಿಗೆ ಕೂತ ವಿದ್ಯಾರ್ಥಿ "ಏನಾಗ್ತಿದೆ ಅಮ್ಮ?" ಎಂದು ಕೇಳಿದರೆ ಅವಳಿಗೆ ಸುಳ್ಳು ಹೆಸರು ಹೇಳಲು ಮನಸ್ಸಾಗುತ್ತಿರಲಿಲ್ಲ. ಹಾರ್ಲೆಸ್‌ನ ಹಳೆಯ ರೋಗಿಗಳಲ್ಲಿ ಮಾತ್ರೆ ಇಳಿಸಿಕೊಳ್ಳಲು ಬರುತ್ತಿದ್ದವರಿಗೆ ಬಸ್ಸಿಲ್ಲ, ಕಾರಿಲ್ಲ. ಅವರನ್ನು ಕಣಿವೆಗಳಿಂದ ಕರೆತಂದು ಮತ್ತೆ ಬಿಡುವ ಕೆಲಸವನ್ನು ತಾನೇ ಹಚ್ಚಿಕೊಂಡಳು. ಅವರಲ್ಲಿ ಐಸೆಲ್ ಎಂಬ ಮುದುಕಿಯ ಬಾಯಿ ಬಲು ಕೆಟ್ಟದ್ದು. ಮಾತ್ರೆ ಒಂದು ಮೆಟ್ಟಿಲು ಇಳಿದ ವಾರವೆಲ್ಲ ಅವಳು ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು ನಡುಗುತ್ತ, ಡಾಕ್ಟರನ್ನೂ ಸರ್ಕಾರವನ್ನೂ ದೇವರನ್ನೂ ಸೇರಿಸಿ ಶಪಿಸುತ್ತಿದ್ದಳು.

"ನೀನ್ಯಾಕೆ ಪುಕ್ಕಟೆ ಓಡಿಸ್ತೀಯ ಇದನ್ನ?" ಎಂದು ಒಂದು ದಿನ ಕೇಳಿದಳು. "ಯಾವ ಪಾಪ ಕಳ್ಕೋಬೇಕು ನಿಂಗೆ?"

ಓಪಲ್ ಹೇಳಲು ಹೊರಟಳು. ಐಸೆಲ್ ಅಷ್ಟರಲ್ಲಿ ಬಾಯಿಗೆ ಕೈ ಅಡ್ಡ ಹಿಡಿದಳು. ಓಪಲ್ ಗಾಡಿ ನಿಲ್ಲಿಸಿ ಓಡಿಬಂದು ಬಾಗಿಲು ತೆಗೆದು, ವಾಂತಿ ಮುಗಿಯುವವರೆಗೂ ಅವಳ ಹಣೆ ಹಿಡಿದುಕೊಂಡಳು.

"ಹೇಳಬೇಡ ಬಿಡು, ನಂಗೆ ಬೇಡ" ಎಂದಳು ಐಸೆಲ್, ತುಟಿ ಒರೆಸಿಕೊಂಡು. "ಮೆಲ್ಲಗೆ ಓಡಿಸು. ತಿರುವಿನಲ್ಲಿ ಹೊಟ್ಟೆ ಕಿತ್ತು ಬರುತ್ತೆ."